ಸುಮ್ಮನಿರುವ ಪೆಟ್ಟಿಗೆ

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ ನನ್ನ ಮಗಳನ್ನು ಸಂಗೀತ ಪಾಠಕ್ಕೆ ಸೇರಿಸಿದೆ. ನಾವಿದ್ದದ್ದು ಅಮೆರಿಕದ ಮಿಷಿಗನ್ನಿನ ನಾರ್ತ್‌ವಿಲ್‌ನಲ್ಲಿ. ಪಾಠ ಹೇಳುತ್ತಿದ್ದ ಆಂಟಿಯ ಮನೆ ಹದಿನೈದು ಮೈಲಿ ಆಚೆ, ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ. ಶನಿವಾರ ಬೆಳಿಗ್ಗೆ ಹತ್ತಕ್ಕೆ ಪಾಠ. ಹಿಮ ಬಿದ್ದ ದಿನ ಅಷ್ಟು ದೂರಕ್ಕೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಮಗಳನ್ನು ಬಿಟ್ಟು ಮನೆಗೆ ಬಂದು ಮತ್ತೆ ಕರೆದುಕೊಂಡು ಬರಲು ಹೋಗುವ ಬದಲು ನಾನೂ ಅವರ ಬೇಸ್‌ಮೆಂಟಿನ ಮೆಟ್ಟಿಲ ಮೇಲೆ ಕುಳಿತು ಕೇಳುತ್ತಿದ್ದೆ.

ಆಂಟಿ ಧಾರವಾಡದವರು, ಅರವತ್ತು ದಾಟಿದವರು. ಮಗ ಇಲ್ಲಿ ಡಾಕ್ಟರು; ಮೊಮ್ಮಗಳು ಹುಟ್ಟಿದಾಗ ಬಂದವರು ಇಲ್ಲೇ ಉಳಿದುಬಿಟ್ಟಿದ್ದರು. ಊರಿನಲ್ಲಿದ್ದಾಗ ಮನೆ ಬೈಠಕ್ಕುಗಳಲ್ಲಿ, ಮದುವೆ ಮುಂಜಿಗಳಲ್ಲಿ ಹಾಡುತ್ತಿದ್ದರಂತೆ. ಇಲ್ಲಿಗೆ ಬಂದ ಮೇಲೆ ನಾಲ್ಕು ಜನರೆದುರು ಹಾಡಿರಲಿಲ್ಲ. ಕೇಳಿದರೆ, “ಗಂಟಲಿಗೆ ಈ ಥಂಡಿ ಆಗೂದಿಲ್ಲ ಯವ್ವಾ” ಎಂದು ಮಾತು ಹಾರಿಸುತ್ತಿದ್ದರು.

ಪಾಠದ ಕೋಣೆಯಲ್ಲಿ ತಂಬೂರಿಯ ಶ್ರುತಿ ನುಡಿಸುವ ಸಣ್ಣ ಎಲೆಕ್ಟ್ರಾನಿಕ್ ಯಂತ್ರವೊಂದಿತ್ತು. ಅದರ ದನಿ ಎಲ್ಲರಿಗೂ ಕೇಳಲಿ ಎಂದು ಪಾಠಕ್ಕೆ ಬರುತ್ತಿದ್ದ ಮಗುವೊಂದರ ತಂದೆ ಕಂಪ್ಯೂಟರಿಗೆ ಹಾಕುವಂಥ ಎರಡು ಪ್ಲಾಸ್ಟಿಕ್ ಸ್ಪೀಕರುಗಳನ್ನು ಜೋಡಿಸಿಕೊಟ್ಟಿದ್ದರು. ಮೂರನೆಯ ವಾರ ಹೋಗಿ ನೋಡುತ್ತೇನೆ, ಆ ಎರಡರ ಮೇಲೂ ಮಡಿಸಿದ ಕೌದಿ ಹೊದಿಸಿದ್ದಾರೆ.

“ಯಾಕೆ ಆಂಟಿ, ಅವಕ್ಕೂ ಚಳಿಯಾ?” ಎಂದೆ.

“ಚಳಿ ಅಲ್ಲ ಯವ್ವಾ, ಬಾಯಿ ಮುಚ್ಚಸಲಿಕ್ಕೆ ಹೊಚ್ಚೇನಿ. ತಂಬೂರಿ ಒಂದು ಸುರ ಹಾಡತದ, ಈ ಡಬ್ಬಿ ತನ್ನ ಸುರ ತಾನು ಹಾಡತದ. ಹುಡುಗೂರು ಯಾವುದನ್ನ ಕೇಳಬೇಕು?”

ನನಗೆ ನಗು ಬರಲಿಲ್ಲ. ಏಕೆಂದರೆ ನನ್ನ ಹೊಟ್ಟೆಪಾಡೇ ಅದು. ಕಾರಿನ ಬಿಡಿಭಾಗಗಳನ್ನು ಮಾಡುವ ಕಂಪನಿಯೊಂದರ ಪ್ರಯೋಗಾಲಯದಲ್ಲಿ ನಾನು ಕೆಲಸಕ್ಕಿದ್ದೆ. ಕಾರಿನ ಬಾಗಿಲು, ಡ್ಯಾಶ್‌ಬೋರ್ಡು ಯಾವ ವೇಗದಲ್ಲಿ, ಎಲ್ಲಿ ನಡುಗಿ ಗುಂಯ್‌ಗುಡುತ್ತವೆ ಎಂದು ಹುಡುಕಿ ಅದನ್ನು ಅಡಗಿಸುವುದು ನನ್ನ ಪಾಲಿನ ಕೆಲಸ. ಒಂದು ವಸ್ತುವಿಗೆ ತನ್ನದೇ ಒಂದು ಸ್ವರವಿರುತ್ತದೆ, ಹೊರಗಿನಿಂದ ಆ ಸ್ವರ ಬಿದ್ದಾಗ ಅದೂ ಎದ್ದು ಹಾಡುತ್ತದೆ ಎಂದು ತಿಳಿಸಲು ನಾವು ಮೀಟಿಂಗುಗಳಲ್ಲಿ ಇಪ್ಪತ್ತು ಸ್ಲೈಡು ತೋರಿಸುತ್ತಿದ್ದೆವು. ಆಂಟಿ ಅದನ್ನು ಮಕ್ಕಳ ಹೋಂವರ್ಕಿನ ಬಗ್ಗೆ ಹೇಳುವಷ್ಟು ಸಲೀಸಾಗಿ ಹೇಳಿದ್ದರು.

ಪಾಠ ಮುಗಿದ ಮೇಲೆ ಕೌದಿ ತೆಗೆದೆ. ಒಂದು ಸ್ಪೀಕರಿನ ಪಕ್ಕಕ್ಕೆ ಎಡಗೈಯ ಬೆರಳುಗಳನ್ನು ಒತ್ತಿ ಹಿಡಿದು, ಬಲಗೈಯಲ್ಲಿ ಯಂತ್ರದ ಶ್ರುತಿಯ ತಿರುಪನ್ನು ಮೆಲ್ಲಗೆ ಮೇಲಕ್ಕೆ ತಿರುಗಿಸುತ್ತ ಹೋದೆ. ಒಂದು ಜಾಗಕ್ಕೆ ಬಂದಾಗ ಪ್ಲಾಸ್ಟಿಕ್ಕಿನ ಗೋಡೆ ಬೆರಳ ಕೆಳಗೆ ಜುಮ್ಮೆಂದಿತು. ದಾಟಿದರೆ ಸುಮ್ಮನೆ. ಹಿಂದೆ ಬಂದರೆ ಮತ್ತೆ ಜುಮ್.

“ಇದು ಯಾವ ಸ್ವರ ಆಂಟಿ?”

ಅವರು ಕಣ್ಣು ಮುಚ್ಚಿ ತಮ್ಮ ಷಡ್ಜ ಹಿಡಿದು ಅಲ್ಲಿಂದ ಏರಿದರು. “ಕೋಮಲ ಗಾಂಧಾರ. ಸರಿಯಾಗಿ ಅಲ್ಲಲ್ಲ, ಒಂದು ಕೂದಲೆಳಿ ಮ್ಯಾಲ. ಹಿಡದೀ ನೋಡು ಕಳ್ಳನ್ನ!”

ಆ ಸಂತೋಷದಲ್ಲಿ ನಾನು ಆಡಬಾರದ ಮಾತು ಆಡಿದೆ. “ನಿಮಗೆ ನಾನೇ ಒಂದು ಜೊತೆ ಸ್ಪೀಕರ್ ಮಾಡಿಕೊಡ್ತೀನಿ ಆಂಟಿ.”

ನನ್ನ ಯಜಮಾನರಿಗೆ ಹೇಳಿದಾಗ ಅವರು ಓದುತ್ತಿದ್ದ ಪೇಪರನ್ನು ಕೆಳಗಿಳಿಸಿದರು. “ನೀನು ಒಂದು ಮೊಳೆ ಹೊಡೆದದ್ದನ್ನೂ ನಾನು ನೋಡಿಲ್ವಲ್ಲ?” ಅದು ನಿಜವೇ. ಕಂಪನದ ವಿಚಾರ ಗೊತ್ತಿತ್ತು, ಗರಗಸದ ವಿಚಾರ ಗೊತ್ತಿರಲಿಲ್ಲ. ಆದರೂ ಪೆಟ್ಟಿಗೆಯಿಲ್ಲದ, ಐದಿಂಚಿನ ದುಂಡನೆಯ ಸ್ಪೀಕರ್ ಯೂನಿಟ್ಟುಗಳನ್ನೂ ಒಂದು ಪುಟ್ಟ ಆಂಪ್ಲಿಫೈಯರನ್ನೂ ಅಂಚೆಯಲ್ಲಿ ತರಿಸಿದೆ. ಹಾರ್ಡ್‌ವೇರ್ ಅಂಗಡಿಯಿಂದ ಪುಸ್ತಕದ ಶೆಲ್ಫಿಗೆ ಹಾಕುವ ತೆಳು ಹಲಗೆ ತಂದೆ. ಗರಾಜಿನಲ್ಲಿ ಕೂತು ಕೊಯ್ದು ಅಂಟಿಸಿದರೆ, ಹೊರಗೆ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್, ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ. ಅಂಟು ಹಿಡಿಯಲೇ ಇಲ್ಲ. ಕೊನೆಗೆ ಬಟ್ಟೆ ಒಗೆಯುವ ಕೋಣೆಯಲ್ಲಿ, ಡ್ರೈಯರಿನ ಶಾಖದಲ್ಲಿ ಒಂದು ಪೆಟ್ಟಿಗೆ ಒಣಗಿತು.

ಅದರಲ್ಲಿ ರೇಡಿಯೊ ವಾರ್ತೆ ಹಾಕಿದೆವು. ವಾರ್ತೆ ಓದುವವನು ಅಕ್ಕಿ ಡಬ್ಬದೊಳಗೆ ತಲೆಯಿಟ್ಟು ಓದಿದ ಹಾಗಿತ್ತು. ಪೆಟ್ಟಿಗೆಯ ಒಳಗೆ ಶಬ್ದ ಗೋಡೆಯಿಂದ ಗೋಡೆಗೆ ಬಡಿದು, ಯೂನಿಟ್ಟಿನ ಮುಖದ ತೆಳು ಕಾಗದವನ್ನೇ ತೂರಿ ಹೊರಗೆ ಬರುತ್ತದೆ, ಒಳಗೆ ಮೆತ್ತನೆಯದೇನಾದರೂ ತುಂಬಿದರೆ ಅದು ಶಬ್ದವನ್ನು ಕುಡಿಯುತ್ತದೆ ಎಂದು ನನಗೆ ಗೊತ್ತಿತ್ತು. ಹಾಗಾಗಿ ಹೊಸ ದಿಂಬೊಂದನ್ನು ಹರಿದು ಅದರ ಪಾಲಿಯೆಸ್ಟರ್ ಹತ್ತಿಯನ್ನೆಲ್ಲ ಗಿಡಿದು ತುಂಬಿದೆ. ಈಗ ಡಬ್ಬದ ಗೂಂಜು ಕಡಿಮೆಯಾಯಿತು, ಆದರೆ ವಾರ್ತೆಯವನಿಗೆ ಜ್ವರ ಬಂದಂತಾಯಿತು.

“ಮಾಮ್, ಹಿ ಸೌಂಡ್ಸ್ ಸ್ಲೀಪಿ,” ಎಂದಳು ಮಗಳು. ಅವಳಪ್ಪ ನಗು ತಡೆಯಲು ಅಡುಗೆಮನೆಗೆ ಹೋದರು.

ಅಲ್ಲಿಂದಲೇ ಅವರಿಗೊಂದು ಉಪಾಯ ಹೊಳೆದದ್ದು. ಅವರ ಸಹೋದ್ಯೋಗಿಯ ಮನೆಗೆ ಅಡುಗೆಮನೆಯ ಕಪಾಟುಗಳನ್ನು ಮಾಡಿಕೊಟ್ಟವರು ಹುಣಸೂರಿನ ಒಬ್ಬ ಸಾಹೇಬರು. ನಮ್ಮ ಪಕ್ಕದ ಊರು ನೋವೈನಲ್ಲಿ, ಟೈರ್ ಅಂಗಡಿಯೊಂದರ ಹಿಂದಿನ ಸಾಲಿನಲ್ಲಿ ಅವರ ವರ್ಕ್‌ಶಾಪು. ಮುಂದಿನ ಭಾನುವಾರ ನನ್ನ ಪೆಟ್ಟಿಗೆಯನ್ನು ಕಾರಿನ ಮುಂದಿನ ಸೀಟಿನಲ್ಲಿ ಕೂರಿಸಿ, ಸೀಟ್‌ಬೆಲ್ಟ್ ಹಾಕಿ, ಅಲ್ಲಿಗೆ ಹೋದೆ.

ನಾನು ಅಂಕಲ್ ಎಂದೇ ಕರೆದ ಆ ಸಾಹೇಬರು ತೆಳ್ಳಗೆ, ಎತ್ತರಕ್ಕಿದ್ದರು. ಬಿಳಿ ಗಡ್ಡದ ತುಂಬ ಮರದ ಪುಡಿ. ಅವರಪ್ಪನದು ಹುಣಸೂರಿನಲ್ಲಿ ಸಾಮಿಲ್ಲು. ಮರ ಕೊಯ್ಯುವ ಸದ್ದಿನಲ್ಲೇ ಬೆಳೆದವರು. ನನ್ನ ಪೆಟ್ಟಿಗೆಯನ್ನು ಕೈಗೆ ತೆಗೆದುಕೊಂಡು, ಹಲಸಿನಹಣ್ಣು ತಟ್ಟಿ ನೋಡುವವರ ಹಾಗೆ ಬೆರಳ ಗೆಣ್ಣಿನಿಂದ ತಟ್ಟಿದರು. ಡಬ್ ಡಬ್ ಎಂದಿತು.

“ಏನಮ್ಮಾ ಇದು, ಪೆಟ್ಟಿಗೇನಾ ತಮಟೇನಾ?”

“ಸ್ಪೀಕರ್ ಬಾಕ್ಸ್ ಅಂಕಲ್. ತೇಗದಲ್ಲಿ ಮಾಡಿದ್ರೆ ಚೆನ್ನಾಗಿ ಬರುತ್ತಾ?”

“ವೀಣೆ ಮಾಡೋರಿಗೆ ಹಾಡೋ ಮರ ಬೇಕು. ನಿಮಗೆ ಬೇಕಾಗಿರೋದು ಸುಮ್ನಿರೋ ಮರ. ಒಳಗೆ ಕೂತಿರೋನು ಹಾಡ್ಲಿ, ಗೋಡೆ ಯಾಕೆ ಹಾಡ್ಬೇಕು?” ಎಂದು, ಮೂಲೆಯಲ್ಲಿ ಒರಗಿಸಿದ್ದ ಕಂದು ಬಣ್ಣದ ದಪ್ಪ ಹಲಗೆಯೊಂದನ್ನು ತಟ್ಟಿದರು. ಟಕ್ ಎಂದು ಅಲ್ಲಿಗೇ ನಿಂತಿತು. ಅದು ಎಂ.ಡಿ.ಎಫ್., ಮರದ ಪುಡಿಯನ್ನು ಅಂಟಿನ ಜೊತೆ ಒತ್ತಿ ಮಾಡಿದ್ದು. “ಇದನ್ನ ಮರ ಅಂದಿದ್ರೆ ನಮ್ಮಪ್ಪ ನನ್ನ ಸಾಮಿಲ್ಲಿಂದ ಆಚೆ ಓಡಿಸ್ತಿದ್ರು. ಜೀವ ಇಲ್ಲ ಇದಕ್ಕೆ. ನಿಮ್ಮ ಕೆಲಸಕ್ಕೆ ಅದೇ ಒಳ್ಳೇದು.”

ಅಂದಿನಿಂದ ನನ್ನ ಭಾನುವಾರದ ಬೆಳಗುಗಳು ಅಲ್ಲೇ ಕಳೆದವು. ಅವರು ಮುಕ್ಕಾಲಿಂಚಿನ ಹಲಗೆ ಕೊಯ್ದು ಕೊಡುವರು, ನಾನು ಅಂಟು ಬಳಿದು ಕ್ಲ್ಯಾಂಪ್ ಬಿಗಿಯುವೆ. ಅಗಲದ ಹಲಗೆ ನಡುವೆ ಆಧಾರವಿಲ್ಲದೆ ನಡುಗುತ್ತದೆ, ಒಳಗೆ ಒಂದು ಅಡ್ಡಪಟ್ಟಿ ಕೊಟ್ಟರೆ ನಿಲ್ಲುತ್ತದೆ ಎಂಬ ವಿಷಯದಲ್ಲಿ ನಾವಿಬ್ಬರೂ ಒಂದೇ. ಪಟ್ಟಿ ಎಲ್ಲಿ ಬರಬೇಕು ಎನ್ನುವುದರಲ್ಲಿ ಜಗಳ ಬಂತು. ಅವರು ಟೇಪಿನಲ್ಲಿ ಅಳೆದು ಸರಿಯಾಗಿ ಮಧ್ಯಕ್ಕೆ ಪೆನ್ಸಿಲ್ ಗೀಟು ಹಾಕಿದರು.

“ಮಧ್ಯ ಬೇಡ ಅಂಕಲ್, ಒಂದಿಂಚು ಆಚೆ.”

“ಸೊಟ್ಟಗಾ? ನಲವತ್ತು ವರ್ಷದ ಕೈ ಇದು, ಸೊಟ್ಟ ಕೆಲಸ ಮಾಡಿಲ್ಲ.”

“ಸಮ ಮಾಡಿದ್ರೆ ಎರಡೂ ಅರ್ಧ ಒಂದೇ ಸ್ವರಕ್ಕೆ ನಡುಗ್ತವೆ, ಎರಡೂ ಸೇರಿ ಕೂಗ್ತವೆ. ಬೇರೆ ಬೇರೆ ಅಳತೆ ಆದ್ರೆ ಒಂದು ಕೂಗಿದಾಗ ಇನ್ನೊಂದು ಕೂಗಲ್ಲ.”

ಅವರು ಒಪ್ಪಲಿಲ್ಲ. ಒಂದೇ ಅಳತೆಯ ಎರಡು ತುಂಡು ಹಲಗೆ ತಂದು, ಒಂದಕ್ಕೆ ಮಧ್ಯದಲ್ಲಿ, ಇನ್ನೊಂದಕ್ಕೆ ಓರೆಯಾಗಿ ಪಟ್ಟಿ ಅಂಟಿಸಿಟ್ಟರು. ಮುಂದಿನ ವಾರ ನಾನು ಹೋಗುವುದರೊಳಗೆ ಅವರೇ ತಟ್ಟಿ ನೋಡಿಯಾಗಿತ್ತು. “ನಿಮ್ಮದೇ ಸರಿ” ಎಂದಷ್ಟೇ ಹೇಳಿ ಓರೆಯಾಗಿ ಗೀಟು ಹಾಕಿದರು. ನಾನು ಮನೆಯವರೆಗೂ ಕಾರಿನಲ್ಲಿ ಹಾಡಿಕೊಂಡು ಹೋದೆ.

ನಡುಕ ಅಡಗಿಸಲು ಕಾರಿನ ನೆಲಕ್ಕೆ ಅಂಟಿಸುವ ಟಾರಿನ ಹಾಳೆಯ ತುಂಡುಗಳು ನಮ್ಮ ಪ್ರಯೋಗಾಲಯದ ಕಸದ ಪೆಟ್ಟಿಗೆಯಲ್ಲಿ ಬೇಕಾದಷ್ಟು ಬಿದ್ದಿರುತ್ತಿದ್ದವು. ಮ್ಯಾನೇಜರನ್ನು ಕೇಳಿ ಒಂದು ಚೀಲದಷ್ಟು ತಂದು, ತಲೆಗೂದಲು ಒಣಗಿಸುವ ಡ್ರೈಯರಿನಿಂದ ಬಿಸಿ ಮಾಡಿ, ಪೆಟ್ಟಿಗೆಯ ಒಳಗೋಡೆಗಳಿಗೆ ಮೆತ್ತಿದೆವು. ಅದರ ಮೇಲೆ ಉಣ್ಣೆಯ ದಪ್ಪ ಬಟ್ಟೆ, ಒಳಗೆ ದಿಂಬಿನ ಹತ್ತಿ. ಕಡೆಗೆ ಗಾಳಿ ಸೋರುತ್ತದೆಯೇ ಎಂದು ನೋಡಬೇಕಿತ್ತು. ಅಂಕಲ್ ಊದುಬತ್ತಿ ಹಚ್ಚಿದರು. ನಾನು ಯೂನಿಟ್ಟಿನ ಕಾಗದವನ್ನು ಬೆರಳಿನಿಂದ ಮೆಲ್ಲಗೆ ಒಳಗೊತ್ತಿದಾಗ ಅವರು ಊದುಬತ್ತಿಯನ್ನು ಕೀಲುಗಳ ಉದ್ದಕ್ಕೂ ಹಿಡಿದು ಬಂದರು. ಹಿಂದಿನ ಒಂದು ಮೂಲೆಯಲ್ಲಿ ಹೊಗೆ ಕಂಪಿಸಿತು. ಅಲ್ಲಿಗೆ ಮತ್ತೊಂದಿಷ್ಟು ಅಂಟು.

ಆ ಶುಕ್ರವಾರ ಕೆಲಸ ಮುಗಿದ ಮೇಲೆ ನಮ್ಮ ಪೆಟ್ಟಿಗೆಗಳನ್ನೂ ಆಂಟಿಯಿಂದ ಕೇಳಿ ತಂದಿದ್ದ ಒಂದು ಪ್ಲಾಸ್ಟಿಕ್ ಡಬ್ಬಿಯನ್ನೂ ಪ್ರಯೋಗಾಲಯಕ್ಕೆ ಒಯ್ದು, ಕಂಪನ ಅಳೆಯುವ ಸಣ್ಣ ಗುಂಡಿಯನ್ನು ಮೇಣದಿಂದ ಅಂಟಿಸಿ ಅಳೆದೆ. ಕಂಪ್ಯೂಟರಿನ ತೆರೆಯಲ್ಲಿ ಪ್ಲಾಸ್ಟಿಕ್ ಡಬ್ಬಿಯ ಗೆರೆ ಬೆಟ್ಟದ ಹಾಗೆ ಎದ್ದಿದ್ದ ಕಡೆ ನಮ್ಮದು ಬಯಲು. ಆ ಗೆರೆಗಳನ್ನು ಕಾಗದದ ಮೇಲೆ ಪ್ರಿಂಟು ತೆಗೆದು ಮಡಿಸಿ ಪರ್ಸಿನಲ್ಲಿಟ್ಟುಕೊಂಡೆ. ಶನಿವಾರ ಆಂಟಿಯೆದುರು ಅದನ್ನು ಬಿಡಿಸಿ ತೋರಿಸಿಯೂ ತೋರಿಸಿದೆ.

ಅವರು ಕಾಗದವನ್ನು ನೋಡಲಿಲ್ಲ. ತಂಬೂರಿಯ ಯಂತ್ರ ಹಚ್ಚಿ, ಎರಡು ಪೆಟ್ಟಿಗೆಗಳ ಮುಂದೆ ಚಾಪೆಯ ಮೇಲೆ ಕುಳಿತು ಬಹಳ ಹೊತ್ತು ಕೇಳಿದರು.

“ಡಬ್ಬಿ ಸುಮ್ಮನಾತು. ಛಲೋ ಆತು,” ಎಂದರು. ಮತ್ತೆ ಪೆಟ್ಟಿಗೆಗೆ ಕಿವಿ ಹತ್ತಿರ ತಂದು, “ಆದರ ಉಸಿರು ಎಲ್ಲಿ ಹೋತವಾ? ತಂಬೂರಿ ಮೀಟಿದ ಮ್ಯಾಲ ಅದು ಹಂಗ ಬಿಚ್ಚಿಕೋತ ಹೋಗಬೇಕು. ಇದು ಬಿಚ್ಚವಲ್ಲದು.”

ನಾನು ಕಾಗದ ಮಡಿಸಿ ಪರ್ಸಿಗೆ ತುರುಕಿದೆ. ನಾಲ್ಕು ತಿಂಗಳ ಭಾನುವಾರಗಳು, ಗೆರೆ ಸರಿಯಾಗಿದೆ, ಇನ್ನೇನು ಬೇಕು? ಮಗಳನ್ನು ಕರೆದುಕೊಂಡು ಮನೆಗೆ ಬಂದೆ. ಎರಡು ದಿನ ಮುಖ ಗಂಟು ಹಾಕಿಕೊಂಡೇ ಇದ್ದೆ. ಮಂಗಳವಾರ ಕಚೇರಿಗೆ ಹೋಗುವ ದಾರಿಯಲ್ಲಿ ಹೊಳೆಯಿತು: ನಾನು ಅಳೆದದ್ದು ಗೋಡೆಯನ್ನು. ಆಂಟಿ ಹೇಳಿದ್ದು ಒಳಗಿನ ಗಾಳಿಯ ಮಾತು. ಮೊದಲ ಪೆಟ್ಟಿಗೆಯ ಗೂಂಜಿಗೆ ಹೆದರಿ ಈ ಸಲವೂ ನಾನು ದಿಂಬಿನ ಹತ್ತಿಯನ್ನು ಒತ್ತಿ ಒತ್ತಿ ತುಂಬಿದ್ದೆ.

ಅಂಕಲ್‌ಗೆ ಫೋನು ಮಾಡಿದೆ. “ನಾನೂ ಬರ್ತೀನಿ, ಆ ಅಮ್ಮನ ಕಿವಿ ನೋಡ್ಬೇಕು ನಾನು” ಎಂದರು. ಶನಿವಾರ ಪಾಠ ಮುಗಿದು ಮಕ್ಕಳೆಲ್ಲ ಹೋದ ಮೇಲೆ ನಾವು ಮೂವರೂ ಬೇಸ್‌ಮೆಂಟಿನಲ್ಲಿ ಕುಳಿತೆವು. ಆಂಟಿ ಅಂಕಲ್‌ಗೆ ಮಂಡಕ್ಕಿಯ ಗಿರ್ಮಿಟ್ ಕಲಸಿ ಕೊಟ್ಟರು, ಮೇಲೆ ಹಸಿಮೆಣಸಿನಕಾಯಿ.

ಒಂದು ಪೆಟ್ಟಿಗೆಯನ್ನು ಮಾತ್ರ ತೆಗೆದುಕೊಂಡೆ. ತಿರುಪು ಬಿಚ್ಚಿ ಯೂನಿಟ್ಟನ್ನು ಹೊರತೆಗೆದು, ಒಂದು ಹಿಡಿ ಹತ್ತಿ ಕಿತ್ತು, ಮತ್ತೆ ಕೂರಿಸಿ ತಂಬೂರಿ ಹಚ್ಚಿದೆ.

“ಇನ್ನ ತಗಿ,” ಎಂದರು ಆಂಟಿ.

ಮತ್ತೊಂದು ಹಿಡಿ.

“ಇನ್ನ.”

ಐದನೆಯ ಹಿಡಿಗೆ ಅವರ ತಲೆ ತಾನಾಗಿ ಸ್ವಲ್ಪ ಓರೆಯಾಯಿತು. “ಬಂತು ನೋಡು, ಬಿಚ್ಚಿಕೊಳ್ಳಲಿಕ್ಹತ್ತೇದ.” ನಾನು ಹುರುಪಿನಲ್ಲಿ ಇನ್ನೂ ಒಂದು ಹಿಡಿ ತೆಗೆದೆ. “ಬ್ಯಾಡ, ಬ್ಯಾಡ! ಈಗ ಕೊಡದೊಳಗ ಮಾತಾಡಿದಂಗಾತು. ಅದನ್ನ ಹಾಕು.” ವಾಪಸು ಹಾಕಿದೆ. ಹಾಕಿದ್ದು ಅದೇ ಹಿಡಿಯೋ ಅರ್ಧವೋ ಗೊತ್ತಿಲ್ಲ, ಅವರು ಕಣ್ಣು ತೆರೆದು “ಸಾಕು” ಎಂದರು.

ಅಷ್ಟು ಹೊತ್ತೂ ಅಂಕಲ್ ಗಿರ್ಮಿಟ್ಟಿನ ತಟ್ಟೆ ಹಿಡಿದುಕೊಂಡೇ ಕುಳಿತಿದ್ದರು. “ನನಗೂ ಕೇಳಿಸ್ತಮ್ಮಾ,” ಎಂದರು ಮೆಲ್ಲಗೆ. “ಸಂಗೀತ ಗೊತ್ತಿಲ್ಲ ನನಗೆ. ಆದರೂ ಕೇಳಿಸ್ತು.” ಒಳಗೆ ಉಳಿದಿದ್ದ ಹತ್ತಿಯನ್ನು ಆಂಟಿಯ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಇನ್ನೊಂದು ಪೆಟ್ಟಿಗೆಗೂ ಅಷ್ಟೇ ಹಾಕಿದವರು ಅವರೇ.

ಆಮೇಲೆ ಆಂಟಿ ಮೇಲೆ ಹೋಗಿ, ಹಳೆಯ ಸುರುಳಿ ಟೇಪಿನಿಂದ ಇಳಿಸಿಕೊಂಡಿದ್ದ ಒಂದು ಕ್ಯಾಸೆಟ್ಟನ್ನೂ ಅದರ ಪ್ಲೇಯರನ್ನೂ ತಂದರು. ಮೂವತ್ತು ವರ್ಷದ ಹಿಂದೆ ಧಾರವಾಡದಲ್ಲಿ ಯಾರದೋ ಮನೆಯ ಬೈಠಕ್ಕಿನಲ್ಲಿ ಅವರು ಹಾಡಿದ್ದ ತೋಡಿ ರಾಗ. ಅದು ತಾವು ಹಾಡಿದ್ದರಲ್ಲೆಲ್ಲ ಒಳ್ಳೆಯದೆಂದು ಅವರ ಎಣಿಕೆ. ಬೇಸರವಾದಾಗಲೆಲ್ಲ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಅದನ್ನೇ ಕೇಳುತ್ತಿದ್ದರಂತೆ. ಹೊಸ ಪೆಟ್ಟಿಗೆಗಳಿಂದ ಮೂವತ್ತು ವರ್ಷದ ಹರೆಯದ ದನಿ ಎದ್ದಿತು. ತಬಲಾದವರ ಉಂಗುರ ತಬಲಾದ ಅಂಚಿಗೆ ತಗಲಿದ್ದೂ ಕೇಳುತ್ತಿತ್ತು. ಆಂಟಿ ತೊಡೆಯ ಮೇಲೆ ತಾಳ ಹಾಕುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರು. ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ ಅದೇ ಜಾಗವನ್ನು ಮತ್ತೆ ಕೇಳಿದರು. ಮತ್ತೊಮ್ಮೆ.

“ಅಯ್ಯ ಶಿವನ! ಗಾಂಧಾರ ಏರೇದ.”

ತೋಡಿಯ ಗಾಂಧಾರ ಬಹಳ ಕೆಳಗೆ ನಿಲ್ಲಬೇಕು, ಎಳೆಯಷ್ಟು ಮೇಲೆ ಹೋದರೂ ರಾಗದ ಮುಖ ಬದಲಾಗುತ್ತದೆ ಎಂದು ಅವರೇ ನಮಗೆ ತಿಳಿಸಿ ಹೇಳಿದರು. ಹಳೆಯ ಡಬ್ಬಿ ಅದೇ ಜಾಗದಲ್ಲಿ ತಾನೂ ಜುಮ್ಮೆಂದು ಹಾಡಿ, ಸರಿ ತಪ್ಪು ಎರಡನ್ನೂ ಕಲಸಿಬಿಡುತ್ತಿತ್ತು. ಆಂಟಿಗೆ ಬೇಸರವಾಯಿತೇನೋ ಎಂದು ನಾನು ಕ್ಯಾಸೆಟ್ ನಿಲ್ಲಿಸಲು ಕೈ ಚಾಚಿದೆ. ಅವರು ನಗುತ್ತಿದ್ದರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದರು.

“ಇಷ್ಟು ದಿನ ಆ ಡಬ್ಬಿ ನನ್ನ ಮಾನ ಕಾಯ್ದಿತ್ತವಾ! ನೀವಿಬ್ಬರೂ ಕೂಡಿ ಮಾನ ಕಳದ್ರಿ.” ಸೆರಗಿನಿಂದ ಕಣ್ಣೊರೆಸಿಕೊಂಡು, “ಇದನ್ನ ಹಿಂಗ ಬಿಟ್ಟು ಸಾಯಬಾರದು. ಒಮ್ಮಿ ಸರಿ ಹಾಡಬೇಕು,” ಎಂದರು.

ಆ ದಿನದಿಂದ ಅವರು ಬೆಳಿಗ್ಗೆ ಎದ್ದು ರಿಯಾಜು ಮಾಡತೊಡಗಿದರು ಎಂದು ಅವರ ಸೊಸೆ ಹೇಳಿದಳು. ಆ ವರ್ಷದ ಅಕ್ಟೋಬರಿನಲ್ಲಿ ಷಿಕಾಗೊ ಕಡೆಯ ಕೆಲವು ಸಂಗೀತಾಸಕ್ತರು ಇಟಾಸ್ಕಾದ ಹೋಟೆಲೊಂದರ ಮೀಟಿಂಗ್ ಕೋಣೆಯಲ್ಲಿ ಭಾನುವಾರ ಬೆಳಗಿನ ಬೈಠಕ್ ಇಟ್ಟುಕೊಂಡು ಆಂಟಿಯನ್ನು ಕರೆದರು. ಮೊದಲಾದರೆ ಥಂಡಿಯ ನೆಪ ಹೇಳುತ್ತಿದ್ದವರು ಈ ಸಲ ಒಪ್ಪಿದರು. ನನ್ನ ಮಿನಿವ್ಯಾನಿನಲ್ಲಿ ಆಂಟಿ, ಅಂಕಲ್, ನಾನು, ನನ್ನ ಮಗಳು, ಹಿಂದೆ ಕೌದಿಯಲ್ಲಿ ಸುತ್ತಿದ ಎರಡು ಪೆಟ್ಟಿಗೆಗಳು. ಶನಿವಾರ ಹೊರಟು ಐದು ಗಂಟೆ ಡ್ರೈವ್ ಮಾಡಿ, ಷಿಕಾಗೊದ ಟ್ರಾಫಿಕ್ಕಿನಲ್ಲಿ ಇನ್ನೂ ಒಂದು ಗಂಟೆ ಕಳೆದು ತಲುಪಿದೆವು.

ಬೆಳಿಗ್ಗೆ ನೋಡಿದರೆ ಅಲ್ಲಿ ಎದೆಯೆತ್ತರದ ದೊಡ್ಡ ಸ್ಪೀಕರುಗಳನ್ನು ನಿಲ್ಲಿಸಿದ್ದರು. ಆಂಟಿ ಬೇಡವೆಂದರು. ಐವತ್ತು ಜನ ಕೂರುವ ಕೋಣೆ. ಗಂಟಲಿಗೆ ಮೈಕು ಬೇಡ, ತಂಬೂರಿ ಮಾತ್ರ ನಮ್ಮ ಪೆಟ್ಟಿಗೆಗಳಲ್ಲಿ ಪಕ್ಕದಲ್ಲೇ ನುಡಿಯಲಿ ಎಂದರು. ವೇದಿಕೆಯ ಎರಡು ಪಕ್ಕಕ್ಕೂ ಹೋಟೆಲಿನ ಮಡಚುವ ಮೇಜುಗಳನ್ನು ಹಾಕಿ ಪೆಟ್ಟಿಗೆಗಳನ್ನಿಟ್ಟು ತಂಬೂರಿ ಹಚ್ಚಿದೆ. ಗುಂಯ್ ಎಂದಿತು. ದಾರಿಯಲ್ಲಿ ಒಳಗಿನ ಪಟ್ಟಿ ಕಿತ್ತುಬಂತೇ? ಜನ ಆಗಲೇ ಬಂದು ಕೂರುತ್ತಿದ್ದರು.

ಅಂಕಲ್ ಗಾಬರಿಯಾಗಲಿಲ್ಲ. ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಆಮೇಲೆ ಮೇಜಿನ ಮೇಲೆ ಇಟ್ಟರು. “ನಮ್ಮ ಪೆಟ್ಟಿಗೆ ಸುಮ್ನೇ ಇದೆ. ಮೇಜು ಹಾಡ್ತಾ ಇದೆ. ಕಾರಿನ ಕೀ ಕೊಡಿ.” ಓಡಿಹೋಗಿ ನನ್ನ ಮಿನಿವ್ಯಾನಿನ ನೆಲಕ್ಕೆ ಹಾಸಿದ್ದ ರಬ್ಬರಿನ ಮ್ಯಾಟುಗಳನ್ನು ತಂದರು. ವ್ಯಾನಿನ ಮಣ್ಣನ್ನು ತಮ್ಮ ಒಳ್ಳೆಯ ಕೋಟಿನ ತೋಳಿನಿಂದಲೇ ಒರೆಸಿ, ನಾಲ್ಕು ಮಡಿಕೆ ಮಡಿಸಿ, ಪೆಟ್ಟಿಗೆಗಳ ಅಡಿಗೆ ತೂರಿಸಿದರು. ಮೇಜುಗಳು ಬಾಯಿ ಮುಚ್ಚಿದವು.

ಆಂಟಿ ಹಾಡಲು ಕುಳಿತಾಗ ಹನ್ನೊಂದು ಗಂಟೆ. ಮೊದಲ ಹತ್ತು ನಿಮಿಷ ದನಿ ಒರಟಾಗಿತ್ತು, ನಾನು ಮಗಳ ಕೈ ಬಿಗಿಯಾಗಿ ಹಿಡಿದುಕೊಂಡಿದ್ದೆ. ಮೆಲ್ಲಮೆಲ್ಲಗೆ ಅದು ತಿಳಿಯಾಯಿತು. ಮೂವತ್ತರ ಹರೆಯದ ದನಿ ಅಲ್ಲ, ಅಲ್ಲಲ್ಲಿ ಬಿರುಕಿತ್ತು. ಗಾಂಧಾರದ ಹತ್ತಿರ ಬಂದಾಗ ಅವರು ಅವಸರ ಮಾಡಲಿಲ್ಲ. ತಂಬೂರಿಯ ದನಿ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾದರು. ಆಮೇಲೆ ಮೇಲಿನಿಂದ ಇಳಿದು ಬಂದು ಆ ಸ್ವರದ ಮೇಲೆ ಕುಳಿತರು, ಅಲ್ಲೇ ಕುಳಿತೇ ಇದ್ದರು. ಕೋಣೆಯಲ್ಲಿ ಒಬ್ಬರೂ ಅಲುಗಲಿಲ್ಲ. ನನ್ನ ಪಕ್ಕದಲ್ಲಿ, ಸಂಗೀತ ಗೊತ್ತಿಲ್ಲ ಎನ್ನುತ್ತಿದ್ದ ಅಂಕಲ್ “ವಾಹ್” ಎಂದರು. ಎಲ್ಲರೂ ತಿರುಗಿ ನೋಡಿದರು. ಆಂಟಿಯೂ ನೋಡಿ, ಹಾಡುತ್ತಲೇ ನಕ್ಕರು.

ವಾಪಸು ಬರುವಾಗ ಮಿಷಿಗನ್ನಿನ ಒಂದು ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಚಪಾತಿ, ಶೇಂಗಾ ಚಟ್ನಿಪುಡಿ ತಿಂದೆವು. ಮರಗಳೆಲ್ಲ ಕೆಂಪಾಗಿದ್ದವು. ಆಂಟಿ ವ್ಯಾನಿನಲ್ಲಿ ನನ್ನ ಮಗಳ ಹೆಗಲಿಗೊರಗಿ ನಿದ್ದೆಹೋದರು. ಮಗಳು ಅಲ್ಲಾಡದೆ ಕುಳಿತಳು. ಎಕ್ಸಿಟ್ ಬೋರ್ಡುಗಳನ್ನು ನೋಡುತ್ತಿದ್ದ ಅಂಕಲ್ ಸ್ವಲ್ಪ ಹೊತ್ತಿನ ಮೇಲೆ ಸಂಕೋಚದಿಂದ ಹೇಳಿದರು: “ನಮ್ಮ ಮನೆಯವರು ಹಳೇ ಕನ್ನಡ ಹಾಡುಗಳನ್ನ ತುಂಬಾ ಕೇಳ್ತಾರಮ್ಮಾ. ಅವರಿಗೂ ಒಂದು ಜೊತೆ ಮಾಡೋಣವಾ? ಈ ಸಲ ಮೇಲ್ಗಡೆಗೆ ತೆಳ್ಳಗೆ ತೇಗದ ಹಾಳೆ ಅಂಟಿಸ್ತೀನಿ, ನೋಡೋಕೆ ಚೆನ್ನಾಗಿರುತ್ತೆ.”

“ಮಾಡೋಣ ಅಂಕಲ್. ಬರೋ ಭಾನುವಾರವೇ ಬರ್ತೀನಿ.”

ಹಾಗೆ ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷದವರೆಗೂ ನಾವು ಒಂದಾದ ಮೇಲೊಂದು ಜೊತೆ ಮಾಡಿದೆವು. ಅವರ ಮನೆಗೆ, ನಮ್ಮ ಮನೆಗೆ, ಪಾಠಕ್ಕೆ ಬರುತ್ತಿದ್ದ ಮಕ್ಕಳ ಮನೆಗಳಿಗೆ. ಪ್ರತಿ ಸಲವೂ ಹತ್ತಿಯ ಹಿಡಿಯನ್ನು ಆಂಟಿಯ ಎದುರಿಗೇ ಎಣಿಸಿದೆವು, ಪ್ರತಿ ಸಲವೂ ಅವರು ನಾನು ಅಂದಾಜಿಸಿದ್ದಕ್ಕಿಂತ ಒಂದು ಹಿಡಿ ಕಡಿಮೆ ಮಾಡಿಸಿದರು. ನನ್ನ ಯಜಮಾನರು ಈಗ ನನ್ನ ಮೊಳೆಯ ಮಾತೆತ್ತುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಕೂದಲ ತುಂಬ ಕಂದು ಪುಡಿ ಮಾಡಿಕೊಂಡು ಮನೆಗೆ ಬಂದರೆ, ಬಾಗಿಲಲ್ಲೇ ನಿಲ್ಲಿಸಿ ಟವೆಲಿನಿಂದ ಕೊಡವಿ, ಬಿಸಿ ಅನ್ನಕ್ಕೆ ಹುಳಿ ಬಡಿಸುತ್ತಿದ್ದರು.